ಮಂಡಿ ಲೆಕ್ಕದ ಡೇಟಾಬೇಸ್ ಕೈಕೊಡುತ್ತಿದೆ: ಅನುಭವ ಇರುವವರು ತಿಳಿಸಿ

ಕೇಳಿದವರು: ದಲಾಲಿ ಅಂಗಡಿಯ ಗುಮಾಸ್ತ, ದಾವಣಗೆರೆ

ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ರೈತರು, ಲಾಟ್, ಮುಂಗಡ ಎಂಬ ಮೂರು ಟೇಬಲ್‌ಗಳಿರುವ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದೆ. ಮಾಡಿಕೊಟ್ಟವರು ಈಗ ಊರಿನಲ್ಲಿಲ್ಲ. ಕೆಲವು ರೈತರ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿದೆ. ಬಾಕಿ ಪಟ್ಟಿ ತೆಗೆದರೆ ಕೆಲವರ ಮೊತ್ತ ದುಪ್ಪಟ್ಟಾಗಿರುತ್ತದೆ, ಮುಂಗಡ ಪಡೆಯದವರ ಹೆಸರೇ ಇರುವುದಿಲ್ಲ. ವರ್ಷದ ವರದಿ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಒಮ್ಮೊಮ್ಮೆ ಡೇಟಾಬೇಸ್ ಶುರುವಾಗುವುದೇ ಇಲ್ಲ. ಮೆಕ್ಕೆಜೋಳದ ಆವಕ ಶುರುವಾದರೆ ಉಸಿರಾಡಲೂ ಬಿಡುವಿರುವುದಿಲ್ಲ. ಅಷ್ಟರೊಳಗೆ ಸರಿಮಾಡಿಕೊಳ್ಳಬೇಕು.

ಉತ್ತರ: ಕನ್ನಡ ದತ್ತಾಂಶದ ಕೆಲಸ ಮಾಡುವವರು, ಚಿತ್ರದುರ್ಗ

ಮೊದಲು ಹೆಸರುಗಳ ವಿಷಯ. ದಯವಿಟ್ಟು ಯಾವ ಟೇಬಲ್ಲನ್ನೂ ಈಗಲೇ ಬದಲಾಯಿಸಬೇಡಿ. ಡೇಟಾ ನಿಜವಾಗಿಯೂ ಹಾಳಾಗಿದೆಯೋ, ತೋರಿಸುವಾಗ ಮಾತ್ರ ಕೆಡುತ್ತಿದೆಯೋ ಎಂಬುದು ಗೊತ್ತಾಗಬೇಕು. ಅದಕ್ಕೆ ಹೆಸರಿನ ಕಾಲಂ ಮೇಲೆ, ಒಳಗಿರುವ ಬೈಟ್‌ಗಳನ್ನು ಹಾಗೆಯೇ ತೋರಿಸುವ ‘ಹೆಕ್ಸ್’ ಫಂಕ್ಷನ್ ಹಾಕಿ ಸೆಲೆಕ್ಟ್ ಮಾಡಿ ನೋಡಿ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ ಮೂರು ಬೈಟ್ ಬೇಕು, ಅದು ‘ಇ0 ಬಿ2’ ಅಥವಾ ‘ಇ0 ಬಿ3’ ಎಂದೇ ಶುರುವಾಗುತ್ತದೆ. ಉದಾಹರಣೆಗೆ ‘ರ’ ಎಂದರೆ ‘ಇ0 ಬಿ2 ಬಿ0’. ಇವು ಕಂಡರೆ ಹೆಸರು ಕ್ಷೇಮವಾಗಿದೆ. ಅದರ ಬದಲು ‘3ಎಫ್ 3ಎಫ್ 3ಎಫ್’ ಎಂದು ಸಾಲಾಗಿ ಬಂದರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ. ಸೇರಿಸುವ ಹೊತ್ತಿನಲ್ಲೇ ಕನ್ನಡ ಕಳೆದುಹೋಗಿದೆ, ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಮರಳುವುದಿಲ್ಲ.

ಕಾರಣ ಹೆಚ್ಚಾಗಿ ‘ಲ್ಯಾಟಿನ್1’ ಎಂಬ, ಕನ್ನಡ ಹಿಡಿಸದ ಚಾರ್‌ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ). ಮೈಎಸ್‌ಕ್ಯೂಎಲ್ 5.7ರವರೆಗೂ ಹೊಸ ಟೇಬಲ್ಲಿಗೆ ಅದೇ ತಾನಾಗಿ ಬರುತ್ತಿತ್ತು, 8.0ರಿಂದ ‘ಯುಟಿಎಫ್8ಎಂಬಿ4’ ಆಯಿತು. ಕನ್ನಡಕ್ಕೆ ಹಳೆಯ ಮೂರು ಬೈಟಿನ ‘ಯುಟಿಎಫ್8’ ಸಹ ಸಾಲುತ್ತದೆ. ನಾಲ್ಕು ಬೈಟ್ ಬೇಕಾಗುವುದು ಎಮೋಜಿಯಂಥವಕ್ಕೆ. ಹಾಗಾಗಿ ‘ಎಂಬಿ4 ಇಲ್ಲದ್ದರಿಂದಲೇ ಕನ್ನಡ ಕೆಟ್ಟಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಹೊಸದಾಗಿ ಮಾಡುವುದಾದರೆ ಎಂಬಿ4 ಅನ್ನೇ ಇಡಿ. ಕಾಲಂ ಮಾತ್ರ ಸರಿಯಿದ್ದರೆ ಸಾಲದು, ಪ್ರೋಗ್ರಾಮ್ ಡೇಟಾಬೇಸಿಗೆ ಸಂಪರ್ಕ ಕಲ್ಪಿಸುವಾಗಲೂ ಅದೇ ಚಾರ್‌ಸೆಟ್ ಹೇಳಬೇಕು. ಇದನ್ನು ಮರೆಯುವವರೇ ಜಾಸ್ತಿ.

ಒಂದು ಅಪಾಯದ ತಿರುವಿದೆ. ಕಾಲಂ ‘ಲ್ಯಾಟಿನ್1’ ಎಂದಿದ್ದು, ಹೆಕ್ಸ್‌ನಲ್ಲಿ ‘ಇ0 ಬಿ2’ ಕಂಡರೆ ನೇರವಾಗಿ ‘ಕನ್ವರ್ಟ್’ ಕೊಡಬೇಡಿ. ಒಳಗಿರುವ ಸರಿಯಾದ ಬೈಟ್‌ಗಳನ್ನೇ ಅದು ಲ್ಯಾಟಿನ್ ಅಕ್ಷರಗಳೆಂದು ತಿಳಿದು ಇನ್ನೊಮ್ಮೆ ಪರಿವರ್ತಿಸುತ್ತದೆ. ಮೊದಲು ಕಾಲಂ ಅನ್ನು ‘ವಾರ್‌ಬೈನರಿ’ (ಬರೀ ಬೈಟ್‌ಗಳ ಕಾಲಂ) ಮಾಡಿ, ಆಮೇಲೆ ಯುಟಿಎಫ್8ಎಂಬಿ4ಕ್ಕೆ ತನ್ನಿ. ಬ್ಯಾಕಪ್ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡು, ಹೆಕ್ಸ್‌ನಲ್ಲಿ ‘ಇ0 ಬಿ2’ ಇಲ್ಲದಿದ್ದರೆ ಅದು ಹೆಚ್ಚಾಗಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದು ಕೆಟ್ಟಿಲ್ಲ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬರುತ್ತದೆ. ಹಳೆಯ ಸರಕಾರಿ ದಾಖಲೆಗಳಲ್ಲಿ ಇಂಥದ್ದು ಧಾರಾಳವಾಗಿದೆ.

ಉತ್ತರ: ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ, ದಾವಣಗೆರೆ

ದುಪ್ಪಟ್ಟು ಮೊತ್ತದ ಪ್ರಶ್ನೆಯನ್ನು ತರಗತಿಯಲ್ಲಿ ಪ್ರತಿ ವರ್ಷ ವಿವರಿಸುತ್ತೇನೆ. ಒಬ್ಬ ರೈತರದು ಮೂರು ಲಾಟ್ ಎಂದುಕೊಳ್ಳಿ: 20,000, 30,000, 10,000. ಒಟ್ಟು 60,000. ಅವರು ಎರಡು ಸಲ ಮುಂಗಡ ಪಡೆದಿದ್ದಾರೆ: 5,000 ಮತ್ತು 10,000. ರೈತರ ಟೇಬಲ್ಲಿಗೆ ಈ ಎರಡನ್ನೂ ಒಟ್ಟಿಗೆ ಜಾಯಿನ್ ಮಾಡಿದರೆ ಪ್ರತಿ ಲಾಟಿಗೂ ಪ್ರತಿ ಮುಂಗಡ ಜೋಡಿಯಾಗಿ ಆರು ಸಾಲು ಹುಟ್ಟುತ್ತವೆ. ‘ಸಮ್’ ಹಾಕಿದರೆ ಲಾಟ್ 1,20,000, ಮುಂಗಡ 45,000. ರೈತರಿಗೆ ಕೊಡಬೇಕಾದದ್ದು 45,000, ಪಟ್ಟಿ ತೋರಿಸುವುದು 75,000.

ಒಂದೇ ಮೊತ್ತವನ್ನು ಒಮ್ಮೆ ಮಾತ್ರ ಎಣಿಸುವ ‘ಡಿಸ್ಟಿಂಕ್ಟ್’ ಸೇರಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಬೇಡ. ಒಂದೇ ಮೊತ್ತದ ಎರಡು ಲಾಟ್ ಇದ್ದರೆ ಅದರಲ್ಲೊಂದು ಮಾಯವಾಗಿ, ತಪ್ಪು ಇನ್ನೂ ಒಳಗೆ ಅಡಗುತ್ತದೆ. ಲಾಟ್‌ಗಳನ್ನು ರೈತರ ಸಂಖ್ಯೆಯ ಮೇಲೆ ಗ್ರೂಪ್ ಮಾಡಿ ಒಂದು ಮೊತ್ತ, ಮುಂಗಡವನ್ನು ಬೇರೆಯಾಗಿ ಗ್ರೂಪ್ ಮಾಡಿ ಇನ್ನೊಂದು ಮೊತ್ತ ತೆಗೆಯಿರಿ. ಒಬ್ಬರಿಗೆ ಒಂದೇ ಸಾಲಾದ ಮೇಲೆ ಜೋಡಿಸಿ.

ಮುಂಗಡ ಪಡೆಯದವರು ಕಾಣೆಯಾಗುವುದಕ್ಕೆ ಪರಿಹಾರ ಲೆಫ್ಟ್ ಜಾಯಿನ್: ಜೋಡಿ ಸಿಗದಿದ್ದರೂ ರೈತರ ಸಾಲು ಉಳಿಯುತ್ತದೆ. ಅದನ್ನು ಬಳಸಿಯೂ ಹೆಸರು ಬಾರದಿದ್ದರೆ ಸಾಲುಗಳನ್ನು ಸೋಸುವ ‘ವೇರ್’ ಭಾಗದಲ್ಲಿ ಮುಂಗಡದ ದಿನಾಂಕದ ಷರತ್ತು ಕೂತಿದೆಯೇ ನೋಡಿ. ಅದನ್ನು ಜೋಡಣೆಯ ‘ಆನ್’ ಭಾಗಕ್ಕೆ ಸರಿಸಬೇಕು. ಇನ್ನು ಮುಂಗಡವೇ ಇಲ್ಲದವರಿಗೆ ಅಲ್ಲಿ ಸೊನ್ನೆಯಲ್ಲ, ‘ನಲ್’ (ಬೆಲೆಯೇ ಇಲ್ಲ ಎಂಬ ಗುರುತು) ಬರುತ್ತದೆ. 60,000ದಿಂದ ನಲ್ ಕಳೆದರೆ ಉತ್ತರವೂ ನಲ್. ‘ಕೋಅಲೆಸ್’ ಬಳಸಿ ಸೊನ್ನೆ ಮಾಡಿಕೊಳ್ಳಿ. ಹಣದ ಕಾಲಂ ‘ಫ್ಲೋಟ್’ (ಅಂದಾಜು ಸಂಖ್ಯೆ) ಆಗಿದ್ದರೆ ‘ಡೆಸಿಮಲ್’ (ನಿಖರ ಸಂಖ್ಯೆ) ಮಾಡಿ. ರೈತರ ದುಡ್ಡಿನಲ್ಲಿ ಪೈಸೆಯೂ ಆಚೀಚೆ ಆಗಬಾರದು.

ಉತ್ತರ: ಎಣ್ಣೆ ಮಿಲ್ಲಿನ ಲೆಕ್ಕಿಗರು, ಚಳ್ಳಕೆರೆ

ತಮ್ಮಾ, ಡೇಟಾಬೇಸ್ ಶುರುವಾಗದಿದ್ದಾಗ ‘ಐಬಿಡೇಟಾ1’ ಕಡತ ಅಳಿಸಿ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ದಯವಿಟ್ಟು ಅಳಿಸಬೇಡ. ಅದು ಹೋದರೆ ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗ) ಟೇಬಲ್‌ಗಳು ತೆರೆಯುವುದೇ ಇಲ್ಲ. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಕೆಲಸವನ್ನು ಇನ್ನೋಡಿಬಿ ತನ್ನ ಲಾಗ್ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಸಮಯ ಕೊಡು. ಆಗಲೂ ಏಳದಿದ್ದರೆ ಎರರ್ ಲಾಗಿನ ಕೊನೆಯ ಸಾಲುಗಳನ್ನು ಓದು. ಎಷ್ಟೋ ಸಲ ಮೈಎಸ್‌ಕ್ಯೂಎಲ್ ಸಂಪರ್ಕಕ್ಕೆ ಬಳಸುವ ಪೋರ್ಟ್ 3306 ಅನ್ನು ಬೇರೊಂದು ಪ್ರೋಗ್ರಾಮ್ ಹಿಡಿದುಕೊಂಡಿರುತ್ತದೆ, ಅಥವಾ ಡಿಸ್ಕ್ ತುಂಬಿರುತ್ತದೆ. ಯುಪಿಎಸ್ ಇಲ್ಲದೆ ಮಂಡಿಯ ಲೆಕ್ಕ ನಡೆಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ದಿನಾ ಸಂಜೆ ಡೇಟಾವನ್ನು ಒಂದು ಕಡತಕ್ಕೆ ಬರೆದುಕೊಡುವ ‘ಮೈಎಸ್‌ಕ್ಯೂಎಲ್‌ಡಂಪ್’ ತೆಗೆ, ಎಲ್ಲವೂ ಒಂದೇ ಕ್ಷಣದ ಸ್ಥಿತಿಯಲ್ಲಿ ಬರಲು ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಇರಲಿ. ಆ ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಲೆಕ್ಕ ತಾಳೆಯಾಗುತ್ತದೆಯೇ ನೋಡು.

ಉತ್ತರ: ತಂತ್ರಾಂಶ ಉದ್ಯೋಗಿ, ಹರಿಹರ

ನಿಧಾನದ ವರದಿಗೆ ಕ್ವೆರಿಯ (ಡೇಟಾಬೇಸಿಗೆ ಕೊಡುವ ಆದೇಶದ) ಮುಂದೆ ‘ಎಕ್ಸ್‌ಪ್ಲೇನ್’ ಹಾಕಿ, ಅದು ಹೇಗೆ ನಡೆಯುತ್ತದೆಂದು ತೋರಿಸುತ್ತದೆ. ಲಾಟ್ ಟೇಬಲ್ಲಿನ ಮುಂದೆ ‘ಆಲ್’ ಎಂದು ಬಂದರೆ ಇಡೀ ಟೇಬಲ್ ಓದುತ್ತಿದೆ ಎಂದರ್ಥ. ದಿನಾಂಕಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದ್ದರೂ ವರ್ಷ ತೆಗೆಯುವ ‘ಇಯರ್’ ಫಂಕ್ಷನ್ ಸುತ್ತಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಏಪ್ರಿಲ್ 1ರಿಂದ ಮುಂದಿನ ಏಪ್ರಿಲ್ 1ಕ್ಕಿಂತ ಮೊದಲು ಎಂದು ವ್ಯಾಪ್ತಿ ಕೊಡಿ, ಹಣಕಾಸು ವರ್ಷಕ್ಕೂ ಅದೇ ಸರಿಹೊಂದುತ್ತದೆ. ಮೊಬೈಲ್ ಸಂಖ್ಯೆಯನ್ನು ಅಕ್ಷರದ ಕಾಲಂನಲ್ಲಿ ಇಟ್ಟಿದ್ದರೆ ಹುಡುಕುವಾಗ ಉದ್ಧರಣ ಚಿಹ್ನೆಯೊಳಗೇ ಕೊಡಿ, ಇಲ್ಲದಿದ್ದರೆ ಅಲ್ಲೂ ಇಂಡೆಕ್ಸ್ ಕೈಬಿಡುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಡಂ ಹೇಳಿದಂತೆ ಬೇರೆ ಬೇರೆ ಗ್ರೂಪ್ ಮಾಡಿದೆ, ಬಾಕಿ ಪಟ್ಟಿ ಕೈಬರಹದ ಖಾತೆಗೆ ತಾಳೆಯಾಯಿತು. ಹೆಸರುಗಳ ಹೆಕ್ಸ್ ನೋಡಿದೆ. ಹೆಚ್ಚಿನವು ‘ಇ0 ಬಿ2’, ಕೆಲವು ಮಾತ್ರ ‘3ಎಫ್’. ಆ ಕೆಲವನ್ನು ಏನು ಮಾಡಲಿ ಸರ್?

ಉತ್ತರ: ಚಿತ್ರದುರ್ಗದವರು

ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳನ್ನು ‘ಲೈಕ್’ ಬಳಸಿ ಹುಡುಕಿ, ರೈತರ ಸಂಖ್ಯೆಯ ಜೊತೆ ಮುದ್ರಿಸಿಕೊಳ್ಳಿ. ಹಳೆಯ ಪಟ್ಟಿಗಳ ಕಾರ್ಬನ್ ಪ್ರತಿ ನೋಡಿ ಹೆಸರು ತುಂಬಿಸಬೇಕು, ಬೇರೆ ದಾರಿಯಿಲ್ಲ. ತಿದ್ದುವಾಗ ಹೆಸರು, ಊರು ನಂಬಬೇಡಿ. ನಮ್ಮ ನಾಯಕನಹಟ್ಟಿ ಕಡೆ ಒಂದೇ ಊರಿನಲ್ಲಿ ಎಷ್ಟೋ ಜನ ತಿಪ್ಪೇಸ್ವಾಮಿಗಳಿರುತ್ತಾರೆ. ರೈತರ ಸಂಖ್ಯೆಯನ್ನೇ ‘ವೇರ್’ನಲ್ಲಿ ಕೊಡಿ. ‘ಸ್ಟಾರ್ಟ್ ಟ್ರಾನ್ಸಾಕ್ಷನ್’ ಕೊಟ್ಟು ಅಪ್‌ಡೇಟ್ ಮಾಡಿ, ಒಂದೇ ಸಾಲು ಬದಲಾಯಿತು ಎಂದು ತೋರಿಸಿದರೆ ‘ಕಮಿಟ್’ (ಖಾಯಂ), ಹೆಚ್ಚು ತೋರಿಸಿದರೆ ‘ರೋಲ್‌ಬ್ಯಾಕ್’ (ರದ್ದು). ಕಮಿಟ್ ಮಾಡದೆ ಊಟಕ್ಕೆ ಎದ್ದು ಹೋಗಬೇಡಿ. ಅದೇ ಸಾಲನ್ನು ತಿದ್ದಲು ಬಂದ ಇನ್ನೊಬ್ಬರು 50 ಸೆಕೆಂಡ್ ಕಾದು ‘ಲಾಕ್ ವೇಟ್ ಟೈಮ್‌ಔಟ್’ ದೋಷ ನೋಡಬೇಕಾಗುತ್ತದೆ.