ಸ್ಟಾಕ್ ಕಳೆಯಲು ಟ್ರಿಗರ್ ಸಾಕಾ, ಸ್ಟೋರ್ಡ್ ಪ್ರೊಸೀಜರ್ ಬರೆಯಬೇಕಾ?

ಪ್ರಶ್ನೆ: ಅಂಗಡಿ ಬಿಲ್ಲಿಂಗಿಗೆ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟಿನ ಡೇಟಾಬೇಸ್) ಬಳಸುತ್ತಿದ್ದೇನೆ. ಬಿಲ್ ಟೇಬಲ್‌ಗೆ ಸಾಲು ಸೇರಿದ ಕೂಡಲೇ ಸ್ಟಾಕ್ ಕಡಿಮೆಯಾಗಬೇಕು, ಯಾರಾದರೂ ಬೆಲೆ ಬದಲಿಸಿದರೆ ಹಳೇ ಬೆಲೆ ಎಲ್ಲಾದರೂ ಉಳಿಯಬೇಕು. ಎರಡಕ್ಕೂ ಟ್ರಿಗರ್ (ಟೇಬಲ್ ಬದಲಾದಾಗ ತಾನಾಗೇ ಓಡುವ ಕೋಡ್) ಹಾಕಿದರೆ ಮುಗೀತು ಅಲ್ವಾ? ಜೊತೆಯವರು ಸ್ಟೋರ್ಡ್ ಪ್ರೊಸೀಜರೇ (ಡೇಟಾಬೇಸಿನಲ್ಲಿಟ್ಟು ಬೇಕಾದಾಗ ನಾವೇ ಕರೆಯುವ ಕೋಡ್) ಬರಿ ಅನ್ನುತ್ತಾರೆ, ಯಾಕೆ ಅಂತ ಹೇಳುವುದಿಲ್ಲ.

ಉತ್ತರ 1: ಬೆಲೆಯ ಇತಿಹಾಸಕ್ಕೆ ಟ್ರಿಗರೇ ಸರಿ. ಯಾರೋ ನೇರವಾಗಿ ಮ್ಯಾನೇಜ್‌ಮೆಂಟ್ ಸ್ಟುಡಿಯೋ (ಡೇಟಾಬೇಸನ್ನು ನೇರ ನೋಡಿ ಬದಲಿಸುವ ತಂತ್ರಾಂಶ) ತೆರೆದು ಅಪ್‌ಡೇಟ್ ಹೊಡೆದರೂ ಅದು ದಾಖಲಾಗುತ್ತದೆ. ಸ್ಟಾಕ್ ಮಾತ್ರ ಪ್ರೊಸೀಜರಿನಲ್ಲಿಡಿ. ಕಳೆಯುವ ಅಪ್‌ಡೇಟಿನಲ್ಲೇ ‘ಇಷ್ಟು ಇದ್ದರೆ ಮಾತ್ರ’ ಎಂಬ ಷರತ್ತು ಹಾಕಿ, ಯಾವ ಸಾಲೂ ಬದಲಾಗದಿದ್ದರೆ ರೋಲ್‌ಬ್ಯಾಕ್ ಮಾಡಿ, ಅಂದರೆ ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ವಾಪಸ್ ತೆಗೆಯಿರಿ. ಆರು ತಿಂಗಳ ಮೇಲೆ ಕೋಡ್ ಓದುವವರಿಗೆ ಎಲ್ಲ ಕಣ್ಣ ಮುಂದೆಯೇ ಇರುತ್ತದೆ, ಟ್ರಿಗರ್ ಎಲ್ಲಿ ಅಡಗಿದೆ ಅಂತ ಹುಡುಕಬೇಕಾಗಿಲ್ಲ.

ಉತ್ತರ 2: ಹೌದು, ಬೆಲೆಗೆ ಟ್ರಿಗರ್ ಸರಿ, ಆದರೆ ಎಸ್‌ಕ್ಯೂಎಲ್ ಸರ್ವರಿನಲ್ಲಿ ಟ್ರಿಗರ್ ಸಾಲಿಗೊಂದು ಸಲ ಅಲ್ಲ, ಸ್ಟೇಟ್‌ಮೆಂಟಿಗೊಂದು ಸಲ (ಎಷ್ಟೇ ಸಾಲು ಬದಲಾದರೂ ಕೊಟ್ಟ ಒಂದು ಆದೇಶಕ್ಕೆ ಒಂದೇ ಸಲ) ಓಡುತ್ತದೆ. ನಾನು ಇನ್ಸರ್ಟೆಡ್ ಟೇಬಲ್‌ನಿಂದ (ಟ್ರಿಗರಿನೊಳಗೆ ಹೊಸ ಸಾಲುಗಳು ಸಿಗುವ ಟೇಬಲ್) ಐಡಿಯನ್ನು ಸುಮ್ನೆ ಒಂದು ವೇರಿಯಬಲ್‌ಗೆ ಎತ್ತಿಕೊಂಡಿದ್ದೆ, ಒಂದೊಂದೇ ಸಾಲು ಹಾಕಿ ನೋಡಿದಾಗ ಚೆನ್ನಾಗೇ ಇತ್ತು, ಆಮೇಲೆ ಒಂದು ದಿನ 300 ಐಟಂಗಳ ಬೆಲೆ ಒಟ್ಟಿಗೆ ಏರಿಸಿದರು, ಇತಿಹಾಸದಲ್ಲಿ ಬಿದ್ದದ್ದು ಒಂದೇ ಸಾಲು! ಡಿಲೀಟೆಡ್ (ಹಳೇ ಸಾಲುಗಳಿರುವ ಟೇಬಲ್), ಇನ್ಸರ್ಟೆಡ್ ಎರಡನ್ನೂ ಜಾಯಿನ್ ಮಾಡಿ ಒಟ್ಟಿಗೇ ಬರೆಯಿರಿ. ಇನ್ನೊಂದು, ಬಲ್ಕ್ ಇನ್ಸರ್ಟ್ (ಫೈಲಿನಿಂದ ಸಾಲುಗಳನ್ನು ಒಟ್ಟಿಗೇ ತುಂಬುವುದು) ಮಾಡುವಾಗ ಫೈರ್_ಟ್ರಿಗರ್ಸ್ ಆಯ್ಕೆ ಕೊಡದಿದ್ದರೆ ಟ್ರಿಗರ್ ಓಡುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಅಯ್ಯೋ, ನಾನೂ ವೇರಿಯಬಲ್ಲೇ ಬಳಸಿದ್ದೇನೆ. ಇವತ್ತೇ ತಿದ್ದುತ್ತೇನೆ. ಸ್ಟಾಕ್ ಪ್ರೊಸೀಜರಿಗೆ ಹೋಯಿತು.