[ಪದಚರ್ಚೆ] ‘ಲಾಗ್ ಶಿಪ್ಪಿಂಗ್’ಗೆ ಏನನ್ನೋಣ? ಇವತ್ತು ಸಂಜೆ 4ರೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಸಹಕಾರಿ ಬ್ಯಾಂಕಿನ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ನನ್ನದು. ರಾತ್ರಿ ಪಾಳಿಯ ಹುಡುಗರಿಗಾಗಿ ಸರ್ವರ್ ಕೋಣೆಯ ಗೋಡೆಗೆ ಅಂಟಿಸುವ ಒಂದು ಪುಟದ ಫಲಕ ಬರೆಯುತ್ತಿದ್ದೇನೆ. ನಾಲ್ಕು ಗಂಟೆಗೆ ಅಚ್ಚಿನವರು ಬರುತ್ತಾರೆ. ಬೇಕಾದ ಪದಗಳು: ಲಾಗ್ ಶಿಪ್ಪಿಂಗ್, ಲಾಗ್ ಚೈನ್, ಔಟ್ ಆಫ್ ಸಿಂಕ್, ರಿಸ್ಟೋರಿಂಗ್.

ಕೆಲಸ ಹೀಗೆ ನಡೆಯುತ್ತದೆ (ನಮ್ಮದು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶ). ಮುಖ್ಯ ಸರ್ವರಿನಲ್ಲಿ 15 ನಿಮಿಷಕ್ಕೊಮ್ಮೆ ಟ್ರಾನ್ಸಾಕ್ಷನ್ ಲಾಗಿನ (ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಕ್ರಮವಾಗಿ ಬರೆದಿಡುವ ಫೈಲು) ಬ್ಯಾಕಪ್ ಆಗುತ್ತದೆ. ಆ ಫೈಲು ಬೇರೆ ಊರಿನ ಸರ್ವರಿಗೆ ನಕಲಾಗುತ್ತದೆ. ಅಲ್ಲಿ ಒಂದರ ಹಿಂದೊಂದು ರಿಸ್ಟೋರ್ ಆಗುತ್ತದೆ, ಅಂದರೆ ಅದರಲ್ಲಿರುವ ಬದಲಾವಣೆಗಳು ಅಲ್ಲಿನ ಪ್ರತಿಗೆ ಸೇರುತ್ತವೆ. ಈ ಮೂರೂ ಸೇರಿ ಲಾಗ್ ಶಿಪ್ಪಿಂಗ್. ಆ ಫೈಲುಗಳ ಮುರಿಯದ ಸಾಲು ಲಾಗ್ ಚೈನ್. ಆ ಕಡೆಯ ಪ್ರತಿ ಹಿಂದೆ ಬಿದ್ದರೆ ಔಟ್ ಆಫ್ ಸಿಂಕ್.

ಹಳೆಯ ಫಲಕವೂ ನನ್ನದೇ. ಅದರಲ್ಲಿ ‘ಡಿಸ್ಕ್ ತುಂಬಿದರೆ ಹಳೆಯ ಲಾಗ್ ದಾಖಲೆಗಳನ್ನು ಅಳಿಸಿ’ ಎಂದಿತ್ತು. ನನ್ನ ಮನಸ್ಸಿನಲ್ಲಿದ್ದದ್ದು ಎರರ್ ಲಾಗ್, ಅಂದರೆ ಏನೇನಾಯಿತು ಎಂದು ಸರ್ವರ್ ಬರೆದಿಡುವ ಫೈಲು. ಕಳೆದ ತಿಂಗಳು ಒಂದು ರಾತ್ರಿ ಡಿಸ್ಕ್ ತುಂಬಿತು. ಪಾಳಿಯಲ್ಲಿದ್ದ ಹುಡುಗ ಫಲಕ ಓದಿ, ಇನ್ನೂ ಆ ಕಡೆಗೆ ನಕಲಾಗದ ಟಿಆರ್‌ಎನ್ ಫೈಲುಗಳನ್ನು (ಮೇಲೆ ಹೇಳಿದ ಲಾಗ್ ಬ್ಯಾಕಪ್‌ಗಳವು) ಅಳಿಸಿಬಿಟ್ಟ. 45 ನಿಮಿಷ ಕಳೆದ ಮೇಲೆ 14421 ಎಚ್ಚರಿಕೆ ಬಂತು. ಆ ಕಡೆಯ ಪ್ರತಿ ಹಿಂದೆ ಬಿದ್ದಿತ್ತು. ನಾನು ಹೋಗಿ ಕೈಯಿಂದ ರಿಸ್ಟೋರ್ ಮಾಡಲು ನೋಡಿದರೆ 4305 ಎಂಬ ದೋಷ, ಅಂದರೆ ನಡುವಿನ ಫೈಲು ಇಲ್ಲ. ಕೊನೆಗೆ ಡಿಫರೆನ್ಷಿಯಲ್ ಬ್ಯಾಕಪ್ (ಕೊನೆಯ ಪೂರ್ಣ ಬ್ಯಾಕಪ್ ಆದಮೇಲೆ ಬದಲಾದದ್ದರ ಪ್ರತಿ) ಹಾಕಿ ಸರಿ ಮಾಡುವಷ್ಟರಲ್ಲಿ ಬೆಳಕು ಹರಿದಿತ್ತು. ಹುಡುಗ ಓದಿದ್ದನ್ನೇ ಮಾಡಿದ. ತಪ್ಪಿದ್ದದ್ದು ಆ ಪದದಲ್ಲಿ.

ದಯವಿಟ್ಟು ಬೇಗ ಹೇಳಿ.

*

ಮರು:

> ಲಾಗ್ ಶಿಪ್ಪಿಂಗ್

ಮೊದಲು ಲಾಗ್ ಅಂದರೆ ಏನು ಅಂತ ತಿಳಿಯಬೇಕು. ಅದು ಮರದ ತುಂಡು. ಹಡಗಿನವರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಕಡಲಿಗೆ ಎಸೆದು, ಎಷ್ಟು ಗಂಟು ಹೊರಗೆ ಹೋಯಿತು ಎಂದು ಎಣಿಸಿ ವೇಗ ಅಳೆಯುತ್ತಿದ್ದರು. ಅದನ್ನು ಬರೆದಿಟ್ಟ ಹೊತ್ತಗೆ ಲಾಗ್ ಬುಕ್. ಹಡಗಿನ ವೇಗವನ್ನು ಇಂದಿಗೂ ನಾಟ್‌ಗಳಲ್ಲಿ ಹೇಳುವುದು ಆ ಗಂಟುಗಳಿಂದಲೇ. ಶಿಪ್ಪಿಂಗ್ ಕೂಡ ಹಡಗಿನದೇ. ಕಡಲ ಮಂದಿಯ ಮಾತನ್ನು ನಾವೇಕೆ ಹೊರಬೇಕು?

ಒಕ್ಕಣೆ ಸಾಗಣೆ ಎನ್ನಿ. ಎರಡೂ ಕನ್ನಡದ್ದೇ. ಸಿಂಕ್‌ಗೆ ‘ಸರಿಹೊತ್ತು’. ದಾಖಲೆ, ರವಾನೆ ಎಂದು ಬರೆಯುವುದರ ಬಗ್ಗೆ ನನ್ನ ತಕರಾರು ಇದೆ. ಅವು ನಮ್ಮವಲ್ಲ.

*

ಮರು:

ಒಕ್ಕಣೆ ಬೇಡ. ನಮ್ಮ ಕಡೆ ಒಕ್ಕಣೆ ಎಂದರೆ ರಾಗಿ ಒಕ್ಕುವುದು. ರಾತ್ರಿ ಎರಡು ಗಂಟೆಗೆ ‘ಒಕ್ಕಣೆ ನಿಂತಿದೆ’ ಅಂತ ಓದಿದವನಿಗೆ ಕಣ ನೆನಪಾಗುತ್ತದೆ, ಸರ್ವರ್ ಅಲ್ಲ.

‘ವ್ಯವಹಾರ ದಾಖಲಾ ಪ್ರೇಷಣ’ ಶಾಸ್ತ್ರಶುದ್ಧವಾಗಿದೆ. ಸಿಂಕ್‌ಗೆ ‘ಸಮಕಾಲೀಕರಣ’. ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುತ್ತದೆ.

*

ಮರು:

ದಾಖಲೆ ಅರಬ್ಬಿಯಿಂದ ಬಂದದ್ದು, ಪ್ರೇಷಣ ಸಂಸ್ಕೃತ. ನಡುವೆ ದೀರ್ಘ ಎಳೆದು ‘ದಾಖಲಾ’ ಮಾಡಿದರೆ ಶಾಸ್ತ್ರವೂ ಇಲ್ಲ, ಶುದ್ಧಿಯೂ ಇಲ್ಲ. ಮುಂದೆ ಯಾರಾದರೂ ‘ದಾಖಲಾತಿ’ ಎಂದು ಬರೆಯುವ ಮೊದಲೇ ಹೇಳುತ್ತೇನೆ: ದಾಖಲಾತಿ ಎಂದರೆ ಶಾಲೆಗೆ ಸೇರಿಸುವುದು.

ಎರಡನೆಯವರಿಗೆ: ತಕರಾರೂ ಅರಬ್ಬಿಯದೇ.

*

ಮರು:

ನಾನು ಪೋಸ್ಟ್‌ಗ್ರೆಸ್ (ಇನ್ನೊಂದು ಡೇಟಾಬೇಸ್ ತಂತ್ರಾಂಶ) ಕೆಲಸದವನು. ಪದ ಏನಾದರೂ ಇರಲಿ, ‘ಲಾಗ್’ ಮಾತ್ರ ಬೇಡ, ‘ದಾಖಲೆ’ಯೂ ಬೇಡ ಎಂದು ಬೇಡಿಕೊಳ್ಳುತ್ತೇನೆ. ಈ ತಪ್ಪು ಕನ್ನಡದ್ದಷ್ಟೇ ಅಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಲಾಗ್ ಇರುವ ಫೋಲ್ಡರಿಗೆ ‘ಪಿಜಿ_ಎಕ್ಸ್‌ಲಾಗ್’ ಎಂಬ ಹೆಸರಿತ್ತು. ಡಿಸ್ಕ್ ತುಂಬಿದಾಗ ಜನ ಹೆಸರಿನಲ್ಲಿ ಲಾಗ್ ನೋಡಿ, ಬೇಡದ ಫೈಲು ಅಂದುಕೊಂಡು ಅಳಿಸುತ್ತಿದ್ದರು. ಡೇಟಾಬೇಸೇ ಹಾಳಾಗುತ್ತಿತ್ತು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದನ್ನು ‘ಪಿಜಿ_ವಾಲ್’ ಎಂದು, ‘ಪಿಜಿ_ಸಿಲಾಗ್’ ಅನ್ನು ‘ಪಿಜಿ_ಎಕ್ಸ್ಯಾಕ್ಟ್’ ಎಂದು ಬದಲಿಸಿದರು. ಇಂಗ್ಲಿಷಿನವರೇ ತಮ್ಮ ಪದ ಬಿಟ್ಟುಕೊಟ್ಟರು. ನಾವು ಅದೇ ಪದ ಹಿಡಿದುಕೊಂಡು ಜಗಳ ಆಡುತ್ತಿದ್ದೇವೆ.

ಎರಡು ಬೇರೆ ವಸ್ತುಗಳಿವೆ. ಒಂದು, ಏನೇನಾಯಿತು ಎಂದು ಬರೆದಿಡುವ ಎರರ್ ಲಾಗ್. ಕಳೆದುಹೋದರೆ ಬೇಸರ, ಅಷ್ಟೇ. ಇನ್ನೊಂದು ಟ್ರಾನ್ಸಾಕ್ಷನ್ ಲಾಗ್. ಬದಲಾವಣೆ ಮೊದಲು ಅಲ್ಲಿಗೆ ಬರೆಯಲ್ಪಡಬೇಕು, ಆಮೇಲೆ ಡೇಟಾ ಫೈಲಿಗೆ. ಎರಡಕ್ಕೂ ಒಂದೇ ಪದ ಇಟ್ಟರೆ ಫೈಲು ಅಳಿಯುವುದು ನಿಲ್ಲುವುದಿಲ್ಲ.

*

ಮರು:

ಕಡತ ಎನ್ನಬಹುದಲ್ಲ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಕಪ್ಪು ಮಾಡಿ, ಬಳಪದಲ್ಲಿ ಬರೆದು ಮಡಿಸಿಡುತ್ತಿದ್ದರು. ಮಠಗಳ, ವರ್ತಕರ ಲೆಕ್ಕವೆಲ್ಲ ಅದರಲ್ಲೇ. ಅಪ್ಪಟ ನಮ್ಮ ನೆಲದ ವಸ್ತು.

*

ಮರು:

ಕಡತದಲ್ಲಿ ಬಳಪದ ಬರಹ ಒರೆಸಿ ಮತ್ತೆ ಬರೆಯಬಹುದು. ಇಲ್ಲಿ ಬೇಕಾದದ್ದು ಒರೆಸಲಾಗದ ಪುಸ್ತಕ. ಜೊತೆಗೆ ಈಗ ಕಡತ ಎಂದರೆ ಸರ್ಕಾರಿ ಫೈಲು. ಆಗದು.

*

ಮರು:

ಮೇಲಿನವರ ‘ಒರೆಸಲಾಗದ ಪುಸ್ತಕ’ ಎಂಬ ಮಾತು ನನ್ನನ್ನು ಬರೆಯಲು ಕೂರಿಸಿತು. ನನಗೆ ಕಂಪ್ಯೂಟರ್ ಗೊತ್ತಿಲ್ಲ. ಮೂವತ್ತೊಂದು ವರ್ಷ ಒಂದು ಹಳ್ಳಿಯ ಸೊಸೈಟಿಯಲ್ಲಿ ಲೆಕ್ಕ ಬರೆದೆ. ನೀವೆಲ್ಲ ಹುಡುಕುತ್ತಿರುವ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಅದರ ಹೆಸರು ಕಿರ್ದಿ.

ಕೊಡುಕೊಳೆ ನಡೆದ ಕ್ಷಣಕ್ಕೆ, ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ ಬರೆಯಬೇಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಆಮೇಲೆ ಅದನ್ನು ನೋಡಿ ಆಯಾ ಸದಸ್ಯರ ಖಾತೆಗೆ ಖತಾಯಿಸಬೇಕು, ಅಂದರೆ ಎತ್ತಿ ಬರೆಯಬೇಕು. ಖಾತೆ ಪುಸ್ತಕ ಹರಿದರೂ ಗೆದ್ದಲು ತಿಂದರೂ, ಹಳೆಯ ಒಂದು ತಾಳೇಪಟ್ಟಿ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಮತ್ತು ಅಲ್ಲಿಂದೀಚಿನ ಕಿರ್ದಿ ಇದ್ದರೆ ಖಾತೆಯನ್ನು ಪೂರ್ತಿ ಹೊಸದಾಗಿ ಎಬ್ಬಿಸಬಹುದು. ಕಿರ್ದಿ ಹೋದರೆ ಆಗದು. ತಪ್ಪು ಬಿದ್ದರೂ ಕಿರ್ದಿಯಲ್ಲಿ ಅಳಿಸುವಂತಿಲ್ಲ. ಎದುರು ನಮೂದು ಹಾಕಿ ಸರಿಪಡಿಸಬೇಕು.

‘ಚೈನ್’ ಎಂದು ಕೇಳಿದ್ದೀರಿ. ಇವತ್ತಿನ ಅಖೇರು ಶಿಲ್ಕು (ದಿನದ ಕೊನೆಗೆ ಉಳಿದ ಹಣ) ನಾಳೆಯ ಆರಂಭ ಶಿಲ್ಕು ಆಗಲೇಬೇಕು. ನಡುವೆ ಒಂದು ಹಾಳೆ ಹರಿದರೆ ಮುಂದಿನ ಹಾಳೆಯ ಆರಂಭ ಶಿಲ್ಕಿಗೆ ಹಿಂದೆ ಆಧಾರವೇ ಇಲ್ಲ. ನಮ್ಮ ಇನ್ಸ್‌ಪೆಕ್ಟರರು ಕಿರ್ದಿ ಕೈಗೆ ತೆಗೆದುಕೊಂಡರೆ ಮೊದಲು ಅದನ್ನೇ ನೋಡುತ್ತಿದ್ದರು. ಬೆರಳನ್ನು ಹಾಳೆಯ ಕೆಳಗಿನ ಸಾಲಿನ ಮೇಲಿಟ್ಟು, ಹಾಳೆ ತಿರುವಿ, ಮೇಲಿನ ಸಾಲಿಗೆ ಒಯ್ಯುತ್ತಿದ್ದರು. ಮಾತಿಲ್ಲ. ಹಾಗೇ ಇನ್ನೂರು ಹಾಳೆ.

ಶಿಪ್ಪಿಂಗ್ ಕೂಡ ಇತ್ತು. ದಿನಾ ಸಂಜೆ ಕಿರ್ದಿಯ ಕಾರ್ಬನ್ ಪ್ರತಿಯನ್ನು ಕೊನೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಾಲೂಕಿಗೆ ಕೊಡುತ್ತಿದ್ದೆ. ಅದನ್ನು ‘ಕಿರ್ದಿ ರವಾನೆ’ ಎನ್ನುತ್ತಿದ್ದೆವು. ಮಳೆಗಾಲದಲ್ಲಿ ಬಸ್ ಬರದಿದ್ದರೆ ಎರಡು ಮೂರು ದಿನದ್ದು ಒಟ್ಟಿಗೆ ಹೋಗುತ್ತಿತ್ತು, ಅಲ್ಲಿ ತಾರೀಖಿನ ಕ್ರಮದಲ್ಲೇ ಖತಾಯಿಸುತ್ತಿದ್ದರು. ಬುಧವಾರದ್ದು ಬರದೆ ಗುರುವಾರದ್ದಕ್ಕೆ ಕೈ ಹಾಕುತ್ತಿರಲಿಲ್ಲ.

*

ಮರು: (ಪ್ರಶ್ನೆ ಕೇಳಿದವನು)

ಹಿರಿಯರೇ, ಮೈ ಜುಮ್ಮೆಂದಿತು. ಅಖೇರು ಶಿಲ್ಕಿನ ಮಾತು ಅಕ್ಷರಶಃ ನಿಜ. ಪ್ರತಿ ಲಾಗ್ ಬ್ಯಾಕಪ್‌ಗೆ ಮೊದಲ ಮತ್ತು ಕೊನೆಯ ಕ್ರಮಸಂಖ್ಯೆ ಇರುತ್ತದೆ. ಒಂದರ ಕೊನೆಯ ಸಂಖ್ಯೆಯೇ ಮುಂದಿನದರ ಮೊದಲ ಸಂಖ್ಯೆ. ಹೊಂದದಿದ್ದರೆ ಅದೇ 4305. ನಮ್ಮ ಆಪರೇಟರ್‌ಗಳಲ್ಲಿ ಮೂವರು ಸೊಸೈಟಿಯಿಂದ ಬಂದವರು, ಹೇಳಿದ ಕೂಡಲೇ ಹಿಡಿಯುತ್ತಾರೆ.

ಟ್ರಾನ್ಸಾಕ್ಷನ್ ಲಾಗ್ = ಕಿರ್ದಿ. ಎರರ್ ಲಾಗ್ = ವರದಿ. ತೀರ್ಮಾನ ಆಯಿತು.

‘ರಿಸ್ಟೋರಿಂಗ್’ ಬಾಕಿ ಇದೆ. ಆ ಕಡೆಯ ಡೇಟಾಬೇಸ್ ಹೆಸರಿನ ಪಕ್ಕ ಯಾವಾಗಲೂ ‘ರಿಸ್ಟೋರಿಂಗ್’ ಎಂದೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ‘ಮರುಸ್ಥಾಪನೆಯಾಗುತ್ತಿದೆ’ ಎಂದು ಬರೆದರೆ, ಇಷ್ಟು ಹೊತ್ತಾದರೂ ಮುಗಿದಿಲ್ಲ, ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಯಾರಾದರೂ ರಿಕವರಿ ಆಜ್ಞೆ ಕೊಡುತ್ತಾರೆ. ಡೇಟಾಬೇಸ್ ತೆರೆದುಕೊಳ್ಳುತ್ತದೆ. ಮುಂದಿನ ಒಂದು ಫೈಲನ್ನೂ ಒಪ್ಪುವುದಿಲ್ಲ. ಎಲ್ಲ ಮೊದಲಿಂದ.

*

ಮರು:

ಕಿರ್ದಿ ಮರಾಠಿಯಿಂದ ಬಂದ ಪದ. ಅಲ್ಲಿ ಕೀರ್ದ್, ರೋಜಕೀರ್ದ್ ಎನ್ನುತ್ತಾರೆ. ಖತಾಯಿಸು ಕೂಡ ಆ ಕಡೆಯದೇ, ಮೇಲೆ ಮಹಾಪ್ರಾಣ ಬೇರೆ. ಉಲಿಯುವುದು ಕತಾಯಿಸು, ಬರೆಯುವುದು ಖ. ಇಂಗ್ಲಿಷ್ ಬೇಡವೆಂದು ಹೊರಟು ಮರಾಠಿಯ ಬಾಗಿಲಲ್ಲಿ ನಿಂತಿರಿ. ಕನ್ನಡಕ್ಕೆ ಸ್ವಂತ ಶಕ್ತಿ ಇಲ್ಲವೇ? ಪದ ಕಟ್ಟುವ ಕೆಲಸ ಮಾಡದೆ, ಸಿಕ್ಕಿದ್ದನ್ನು ಎತ್ತಿಕೊಳ್ಳುವುದನ್ನೇ ನೂರಾರು ವರ್ಷ ಮಾಡಿದ್ದೇವೆ. ಅದಕ್ಕೇ ಇಂದು ಕಂಪ್ಯೂಟರಿನ ಒಂದು ಪದಕ್ಕೂ ಪರದಾಡುತ್ತಿದ್ದೇವೆ.

*

ಮರು:

ಮೂವತ್ತು ವರ್ಷ ಕನ್ನಡದಲ್ಲಿ ಲೆಕ್ಕ ಬರೆದವರ ಬಾಯಲ್ಲಿದ್ದ ಪದ ಕನ್ನಡವಲ್ಲ, ಇವತ್ತು ಬೆಳಿಗ್ಗೆ ನೀವು ಹುಟ್ಟಿಸಿದ ‘ಸರಿಹೊತ್ತು’ ಕನ್ನಡ! ಅರ್ಜಿ, ಜಮೀನು, ಕಚೇರಿ, ವಕೀಲ, ತಾರೀಖು ಎಲ್ಲ ತೆಗೆದರೆ ರೈತನೊಬ್ಬ ತಾಲೂಕಾಫೀಸಿನಲ್ಲಿ ಬಾಯಿ ಬಿಡುವ ಹಾಗಿಲ್ಲ. ಎರವಲು ಬಂದ ಪದ ಪ್ರತ್ಯಯ ಹಚ್ಚಿಕೊಂಡು ಓಡಾಡಲು ಶುರುಮಾಡಿದ ದಿನವೇ ಅದು ನಮ್ಮದು. ಖತಾಯಿಸು ಎಂಬಲ್ಲಿ ‘ಇಸು’ ಯಾವ ಭಾಷೆಯದು ಹೇಳಿ.

*

ಮರು:

‘ಇಸು’ ಹಚ್ಚಿದ ಮಾತ್ರಕ್ಕೆ ನಮ್ಮದಾಗುವುದಾದರೆ ‘ಲಾಗಿಸು’ ಕೂಡ ನಮ್ಮದೇ. ಬರೆಯಿರಿ, ನೋಡೋಣ.

*

ಮರು:

ಸಿಂಕ್‌ಗೆ ಯಾರೂ ಉತ್ತರ ಕೊಡಲಿಲ್ಲ. ‘ತಾಳೆ’ ಇದೆಯಲ್ಲ. ‘ಲೆಕ್ಕ ತಾಳೆ ಆಗ್ತಿಲ್ಲ’ ಎಂದು ಅಂಗಡಿಯವರೂ ಹೇಳುತ್ತಾರೆ. ಔಟ್ ಆಫ್ ಸಿಂಕ್ = ತಾಳೆ ತಪ್ಪಿದೆ. ಇದು ತಾಳೆಗರಿಯಿಂದ ಬಂದ ಪದ, ಎರಡು ಗರಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು.

*

ಮರು:

ತಾಳೆಗರಿಗೂ ಇದಕ್ಕೂ ಸಂಬಂಧವಿಲ್ಲ. ಮರಾಠಿಯಲ್ಲಿ ಲೆಕ್ಕ ಸರಿನೋಡುವುದು ತಾಳಾ, ಆಸ್ತಿ-ಹೊಣೆಯ ಪಟ್ಟಿ ತಾಳೇಬಂದ್. ಹುಡುಕುವುದಾದರೆ ಆ ದಿಕ್ಕಿನಲ್ಲಿ ಹುಡುಕಿ.

ಆದರೆ ಪದ ಸರಿಯಾಗಿದೆ. ಒಂದು ಎಚ್ಚರ: ತಾಳೆ ನೋಡುವುದು ಬೇರೆ, ತಾಳೆ ಮಾಡುವುದು ಬೇರೆ. ಫಲಕದಲ್ಲಿ ‘ತಾಳೆ ನೋಡಿ’ ಎಂದೇ ಇರಲಿ. ‘ತಾಳೆ ಮಾಡಿ’ ಎಂದರೆ ಪಾಳಿಯ ಹುಡುಗ ಮತ್ತೆ ಏನಾದರೂ ಅಳಿಸಿಯಾನು.

*

ಮರು:

ರಿಸ್ಟೋರಿಂಗ್ ಬಗ್ಗೆ, ಸೊಸೈಟಿಯಲ್ಲಿ ಲೆಕ್ಕ ಬರೆದವನ ಮಾತು: ನಮ್ಮ ತಾಲೂಕಿನಲ್ಲಿ ಆ ವರ್ಷದ ಪುಸ್ತಕಕ್ಕೆ ‘ಖತಾವಣೆಗೆ ಇದೆ’ ಎಂದು ಚೀಟಿ ಅಂಟಿಸಿರುತ್ತಿದ್ದರು. ಇನ್ನೂ ಬರೆಯುವುದಿದೆ, ಕಟ್ಟು ಕಟ್ಟಬೇಡಿ ಎಂದು ಅರ್ಥ. ಅದು ಮುಗಿಯದ ಕೆಲಸವಲ್ಲ, ಪುಸ್ತಕ ಇರಬೇಕಾದ ಸ್ಥಿತಿ.

*

ಮರು: (ಪ್ರಶ್ನೆ ಕೇಳಿದವನು)

3.40. ಹೀಗೆ ಕಳಿಸುತ್ತಿದ್ದೇನೆ:

‘ಕಿರ್ದಿ ರವಾನೆ: ರಾತ್ರಿ ಪಾಳಿಗೆ ಸೂಚನೆ. ಡಿಸ್ಕ್ ತುಂಬಿದರೆ ವರದಿ ಫೈಲುಗಳನ್ನು ಮಾತ್ರ ಅಳಿಸಿ. ಟಿಆರ್‌ಎನ್ ಎಂದಿರುವುದು ಕಿರ್ದಿ, ಮುಟ್ಟಬೇಡಿ. 14420 ಬಂದರೆ ಈ ಕಡೆ ಕಿರ್ದಿಯ ಪ್ರತಿ ತೆಗೆಯುವುದು ನಿಂತಿದೆ. 14421 ಬಂದರೆ ಆ ಕಡೆ ತಾಳೆ ತಪ್ಪಿದೆ: ಕೊನೆಗೆ ನಕಲಾದ ಫೈಲು, ಕೊನೆಗೆ ಖತಾಯಿಸಿದ ಫೈಲು ಎರಡರ ಹೆಸರನ್ನೂ ಬರೆದುಕೊಂಡು ಫೋನ್ ಮಾಡಿ. ಎರಡೂ ಸರ್ವರಿನ ಗಡಿಯಾರ ತಾಳೆ ನೋಡಿ. ಫೈಲಿನ ಹೆಸರಿನಲ್ಲಿರುವ ವೇಳೆ ನಮ್ಮ ವೇಳೆಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ: ಮಧ್ಯಾಹ್ನ 2.15ರ ಕಿರ್ದಿಗೆ 084500 ಎಂದಿದ್ದರೆ ಅದು ಸರಿ. ಆ ಕಡೆಯ ಡೇಟಾಬೇಸ್ ಪಕ್ಕದ ರಿಸ್ಟೋರಿಂಗ್ ಎಂಬ ಮಾತಿಗೆ ಖತಾವಣೆಗೆ ಇದೆ ಎಂದು ಅರ್ಥ, ತೆರೆಯಬೇಡಿ. ಬೇರೆ ಯಾವ ಸಾಧನದಿಂದಲೂ ಕಿರ್ದಿಯ ಪ್ರತಿ ತೆಗೆಯಬೇಡಿ, ಶಿಲ್ಕು ಹರಿಯುತ್ತದೆ.’

*

ಮರು:

‘ಶಿಲ್ಕು ಹರಿಯುತ್ತದೆ’ ತಪ್ಪು. ಶಿಲ್ಕು ಹರಿಯುವ ವಸ್ತುವಲ್ಲ. ‘ಶಿಲ್ಕು ಕೂಡುವುದಿಲ್ಲ’ ಎನ್ನಿ.

*

ಮರು: (ಪ್ರಶ್ನೆ ಕೇಳಿದವನು)

ತಿದ್ದಿದೆ. ಅಚ್ಚಿನವರು ಕೆಳಗೆ ಬಂದಿದ್ದಾರೆ.

*

ಮರು:

ಸರಿಹೊತ್ತನ್ನು ಯಾರೂ ಸರಿಯಾಗಿ ಓದಲೇ ಇಲ್ಲ. ನಾಳೆ ಬೇರೆಯಾಗಿ ಬರೆಯುತ್ತೇನೆ.