ದಯಾಮರಣದ ನಂತರ ಅಂಗದಾನ: ಮೊದಲು ಮಾತು ಎತ್ತಬೇಕಾದವರು ಯಾರು?

ಮೂರನೇ ಬೆಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತತ್ವಶಾಸ್ತ್ರದ ಎಂಎ ವಿದ್ಯಾರ್ಥಿ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ: ದಯಾಮರಣ (ರೋಗಿಯೇ ಕೇಳಿಕೊಂಡಾಗ ವೈದ್ಯರು ಮದ್ದು ಕೊಟ್ಟು ಸಾವು ತರುವುದು) ಪಡೆಯುವವರು ಅಂಗದಾನವನ್ನೂ ಮಾಡುವುದು ಸರಿಯೇ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲವೂ 4 ಗಂಟೆ. ಕಸಿಗೆ ಹೆಸರು ಬರೆಸಿ ಕಾಯುತ್ತಿದ್ದಾಳೆ. ಅವಳ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೇ ನಾನು ಇದನ್ನೆಲ್ಲ ಓದಿದ್ದು.

ಓದಿದ್ದು ಇಷ್ಟು. ಬೆಲ್ಜಿಯಂ, ನೆದರ್ಲೆಂಡ್ಸ್ ಎರಡರಲ್ಲೂ 2002ರಲ್ಲಿ ದಯಾಮರಣದ ಕಾನೂನು ಜಾರಿಗೆ ಬಂತು. ಬೆಲ್ಜಿಯಂನಲ್ಲಿ 2005ರಲ್ಲಿ ಮೊದಲ ಸಲ ದಯಾಮರಣದ ನಂತರ ಅಂಗದಾನ ಆಯಿತು. 2016ರಲ್ಲಿ ಕೆನಡಾ, 2021ರಲ್ಲಿ ಸ್ಪೇನ್ ಕಾನೂನು ಮಾಡಿದವು, ಅಲ್ಲೂ ಇದು ನಡೆಯುತ್ತಿದೆ. ಎಲ್ಲ ಕಡೆ ಒಂದು ನಿಯಮ ಮಾತ್ರ ಗಟ್ಟಿ. ವ್ಯಕ್ತಿ ಸತ್ತ ಮೇಲೆಯೇ ಅಂಗ ತೆಗೆಯಬೇಕು, ಅಂಗ ತೆಗೆದದ್ದರಿಂದ ಸಾವು ಬರಬಾರದು. 2012ರಲ್ಲಿ ವಿಲ್ಕಿನ್ಸನ್ ಮತ್ತು ಸವುಲೆಸ್ಕು ಎಂಬ ಇಬ್ಬರು ನೀತಿಶಾಸ್ತ್ರಜ್ಞರು ಈ ನಿಯಮವನ್ನೇ ಕೆದಕಿದರು. ಹೇಗೂ ಜೀವ ಹಿಡಿದಿಟ್ಟ ಯಂತ್ರ ತೆಗೆದು ಸಾಯಲು ಬಿಡಲಿರುವ ರೋಗಿ ಮೊದಲೇ ಒಪ್ಪಿದ್ದರೆ, ಅರಿವಳಿಕೆ ಕೊಟ್ಟು ಅಂಗ ತೆಗೆಯುವುದರ ಮೂಲಕವೇ ಯಾಕೆ ಸಾವು ಬರಬಾರದು ಅಂತ. ಅಂಗಗಳೂ ಹಾಳಾಗುವುದಿಲ್ಲ.

ನನಗೆ ಅದು ಪಕ್ಕಾ ಸರಿ ಅನ್ನಿಸಿತು. 12 ಪುಟ ಬರೆದುಕೊಂಡು ಹೋದೆ. ಗೈಡ್ ಓದಿ, ಕೆಂಪು ಇಂಕಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟರು: "ಇದನ್ನು ಬರೆದದ್ದು ವಿದ್ಯಾರ್ಥಿಯಾ, ಅಕ್ಕನ ತಮ್ಮನಾ?"

ಎರಡು ದಿನ ಸಿಟ್ಟಿತ್ತು. ಈಗ ಇಲ್ಲ. ಈ ವಿಷಯದಲ್ಲಿ ನಿಜವಾದ ಗಂಟು ಎಲ್ಲಿದೆ? ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆ ಕೇಳ್ದೆ

ಗಂಟು ಕಣ್ಣೆದುರಿಗೇ ಇದೆಯಲ್ಲ. ಹಾಸಿಗೆ ಹಿಡಿದವರಿಗೆ "ನಾನು ಎಲ್ಲರಿಗೂ ಭಾರ" ಅನ್ನುವ ಯೋಚನೆ ಮೊದಲೇ ಇರುತ್ತದೆ. ಈಗ ಅದರ ಮೇಲೆ "ಸತ್ತರೆ ನಾಲ್ಕು ಜನ ಬದುಕುತ್ತಾರೆ" ಅಂತ ಬೇರೆ ಸೇರಿಸಿದರೆ? ಬದುಕಿದ್ದರೆ ಭಾರ, ಸತ್ತರೆ ಉಪಕಾರ. ಬಾಯಿಬಿಟ್ಟು ಯಾರೂ ಒತ್ತಾಯ ಮಾಡಬೇಕಾಗಿಲ್ಲ. ಕೆನಡಾ 2021ರಲ್ಲಿ, ಸಾವು ಹತ್ತಿರ ಇಲ್ಲದವರಿಗೂ ದಯಾಮರಣದ ಬಾಗಿಲು ತೆಗೆಯಿತು. ಅಂಥವರಲ್ಲಿ ಅಂಗವಿಕಲರೂ ಇದ್ದಾರೆ. ನಿಮ್ಮ ಅಕ್ಕನಿಗೆ ಒಳ್ಳೆಯದಾಗಲಿ. ಆದರೆ ನಿಮ್ಮ ಗೈಡ್ ಕೇಳಿದ್ದು ಸರಿ.

ರಾತ್ರಿಪಾಳಿ

ನಾನು ಐಸಿಯು ನರ್ಸ್, 19 ವರ್ಷದಿಂದ. ದಯಾಮರಣ ಕಣ್ಣಾರೆ ನೋಡಿಲ್ಲ. ವೆಂಟಿಲೇಟರ್ ತೆಗೆದು, ಹೃದಯ ನಿಂತ ಮೇಲೆ ಮಾಡುವ ಅಂಗದಾನ ನೋಡಿದ್ದೇನೆ. ಎರಡೂ ಅಕ್ಕಪಕ್ಕದ ಮನೆ ಇದ್ದ ಹಾಗೆ, ಅದಕ್ಕೇ ಬರೆಯುತ್ತಿದ್ದೇನೆ.

ಹೃದಯ ನಿಂತ ಮೇಲೆ 5 ನಿಮಿಷ ಯಾರೂ ದೇಹವನ್ನು ಮುಟ್ಟುವ ಹಾಗಿಲ್ಲ. ರಕ್ತದ ಓಟ ತಾನಾಗಿ ಮತ್ತೆ ಶುರುವಾಗುವುದಿಲ್ಲ ಅಂತ ಖಾತ್ರಿ ಆಗಬೇಕು. ಆಮೇಲೆ ಓಟವೋ ಓಟ. ರಕ್ತ ಸಿಗದೆ ಬೆಚ್ಚಗೆ ಬಿದ್ದಿರುವ ಒಂದೊಂದು ನಿಮಿಷವೂ ಲಿವರ್‌ಗೆ, ಕಿಡ್ನಿಗೆ ಪೆಟ್ಟು. ವೆಂಟಿಲೇಟರ್ ತೆಗೆದ ಮೇಲೆ ಸಾವು ಯಾವಾಗ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಒಂದೆರಡು ಗಂಟೆಯೊಳಗೆ ಬರದಿದ್ದರೆ ದಾನ ರದ್ದು. ದಯಾಮರಣದಲ್ಲಿ ಈ ಅನಿಶ್ಚಿತತೆ ಇಲ್ಲ. ಮೊದಲು ಎಚ್ಚರ ತಪ್ಪಿಸುವ ಮದ್ದು, ಆಮೇಲೆ ಸ್ನಾಯು ಸಡಿಲಿಸುವ ಮದ್ದು, ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಂಗಗಳು ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಡುವಯಸ್ಸಿನ ಒಬ್ಬರು, ಮಿದುಳಿನಲ್ಲಿ ರಕ್ತಸ್ರಾವ. ಅಂಗದಾನಕ್ಕೆ ಹೆಂಡತಿ ತಾವಾಗಿಯೇ ಒಪ್ಪಿದ್ದರು. ವೆಂಟಿಲೇಟರ್ ತೆಗೆದೆವು. ಪಕ್ಕದ ಥಿಯೇಟರಿನಲ್ಲಿ ತಂಡ ಕೈ ತೊಳೆದು ನಿಂತಿತ್ತು. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಆಕೆ ಗಂಡನ ಮುಖ ನೋಡುತ್ತಿದ್ದವರು ಯಾವಾಗಲೋ ಗೋಡೆ ಗಡಿಯಾರ ನೋಡಲು ಶುರು ಮಾಡಿದ್ದರು. ಕೊನೆಗೆ ಹೊತ್ತು ಮೀರಿತು, ತಂಡ ವಾಪಸ್ ಹೋಯಿತು. ಆಕೆ ನನ್ನ ಕೈ ಹಿಡಿದು, "ತಪ್ಪು ತಿಳಿಯಬೇಡಿ ಸಿಸ್ಟರ್, ಇವರು ತಡ ಮಾಡಿಬಿಟ್ಟರು" ಅಂದರು.

ಗಂಡ ಬೇಗ ಸಾಯಲಿಲ್ಲ ಅಂತ ಹೆಂಡತಿ ನನ್ನ ಹತ್ತಿರ ಕ್ಷಮೆ ಕೇಳಿದರು. ಯಾರೂ ಅವರನ್ನು ಒತ್ತಾಯ ಮಾಡಿರಲಿಲ್ಲ. ನಾವು ಗಡಿಯಾರಕ್ಕೆ ಒಂದು ಬಟ್ಟೆಯನ್ನಾದರೂ ಮುಚ್ಚಬಹುದಿತ್ತು.

ದಯಾಮರಣಕ್ಕೆ ಬನ್ನಿ. ಅಲ್ಲಿ ಗಡಿಯಾರ ನೋಡುವುದು ರೋಗಿಯೇ. ದಿನ ಗೊತ್ತು, ಹೊತ್ತು ಗೊತ್ತು. ಮನೆಯಲ್ಲಿ ಸಾಯುವ ಆಸೆ ಇದ್ದರೂ ಆಸ್ಪತ್ರೆಗೆ ಬರಬೇಕು. ಅದಕ್ಕೂ ಮೊದಲು ರಕ್ತ ಪರೀಕ್ಷೆ, ಸ್ಕ್ಯಾನ್. ಇವುಗಳಿಂದ ರೋಗಿಗೆ ಕಾಸಿನ ಲಾಭವಿಲ್ಲ. ಇದನ್ನು ತಪ್ಪಿಸಲು ನೆದರ್ಲೆಂಡ್ಸ್ ವೈದ್ಯರು ಮನೆಯಲ್ಲೇ ಎಚ್ಚರ ತಪ್ಪಿಸಿ, ಉಸಿರಿನ ನಳಿಕೆ ಹಾಕಿ, ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ತಂದು, ಅಲ್ಲಿ ಮುಂದಿನ ಮದ್ದು ಕೊಟ್ಟಿದ್ದಾರೆ. ಮನೆಯವರಿಗೆ ಮನೆಯಲ್ಲೇ ವಿದಾಯ. ಒಳ್ಳೆಯದೇ. ಆದರೆ ಎಚ್ಚರ ತಪ್ಪಿದ ಆ ದಾರಿಯಲ್ಲಿ "ಬೇಡ, ನಿಲ್ಲಿಸಿ" ಅನ್ನುವ ಅವಕಾಶ ಎಲ್ಲಿದೆ? ನಿಮ್ಮ 12 ಪುಟದಲ್ಲಿ ಈ ಪ್ರಶ್ನೆ ಇದೆಯಾ? ಇಲ್ಲದಿದ್ದರೆ ಅಲ್ಲಿಂದ ಶುರು ಮಾಡಿ.

ಇನ್ನೊಂದು. ದಯಾಮರಣ ಸಿಕ್ಕಿಬಿಟ್ಟರೆ ಅಂಗಗಳ ರಾಶಿ ಬೀಳುತ್ತದೆ ಅಂತ ಅಂದುಕೊಳ್ಳಬೇಡಿ. ಕೆನಡಾದಲ್ಲಿ ದಯಾಮರಣ ಪಡೆಯುವವರಲ್ಲಿ ಸುಮಾರು ಮೂರನೇ ಎರಡು ಭಾಗ ಕ್ಯಾನ್ಸರ್ ರೋಗಿಗಳು. ಅವರ ಅಂಗಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಉಳಿಯುವುದು ಹೆಚ್ಚಾಗಿ ನರಗಳ ಕಾಯಿಲೆಯವರು, ಅವರಲ್ಲೂ ಅಂಗದಾನಕ್ಕೆ ಆಗುವ ವಯಸ್ಸಿನವರು ಸ್ವಲ್ಪ ಜನ.

ನಿಧಾನ ಬೆರಳು

ಆ "ನರಗಳ ಕಾಯಿಲೆಯವರು" ಅಂದರೆ ನಾನು. ಮೋಟರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ನಡೆಸುವ ನರಗಳು ಸಾಯುತ್ತಾ ಹೋಗುವುದು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತೇನೆ, ಚಿಕ್ಕದಾಗಿ ಬರೆಯುತ್ತೇನೆ.

ದಯಾಮರಣ ನನಗೆ ಬೇಡ. ಅದು ಬೇರೆ ಮಾತು. ಆದರೆ ಸುಮ್ನೆ ಕೇಳ್ದೆ ಅವರೇ, ನಮ್ಮನ್ನು ಕಾಪಾಡಲು ಹೋಗಿ ನಮ್ಮ ಬಾಯಿ ಮುಚ್ಚಬೇಡಿ. ಕೈ ಹೋಯಿತು, ಕಾಲು ಹೋಯಿತು, ಮಾತು ಹೋಗುತ್ತಿದೆ. ಕಿಡ್ನಿ, ಲಿವರ್ ಇನ್ನೂ ಗಟ್ಟಿಯಾಗಿವೆ. ಕೊಡುವ ಕೈ ಇಲ್ಲದವನ ಹತ್ತಿರ ಕೊಡುವುದಕ್ಕೆ ಅಷ್ಟಾದರೂ ಇದೆ. ಇದು ಒತ್ತಡ ಅಲ್ಲ, ನನ್ನ ಆಸೆ.

ಮೊದಲು ಮಾತು ಎತ್ತುವವರು ಯಾರು ಅನ್ನುವುದೇ ಗಂಟು. ಡಾಕ್ಟರ್ ಎತ್ತಿದರೆ "ಇವರಿಗೆ ನನ್ನ ಅಂಗ ಬೇಕಾಗಿದೆ" ಅನ್ನಿಸಬಹುದು. ಎತ್ತದಿದ್ದರೆ, ಸಾಧ್ಯ ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ನನ್ನ ಲೆಕ್ಕ ಸರಳ. ದಯಾಮರಣದ ತೀರ್ಮಾನ ಪೂರ್ತಿ ಮುಗಿಯುವ ತನಕ ಯಾರೂ ಅಂಗದಾನದ ಉಸಿರೆತ್ತಬಾರದು. ಮುಗಿದ ಮೇಲೆ, ಆ ತೀರ್ಮಾನಕ್ಕೆ ಸಂಬಂಧವೇ ಇಲ್ಲದ ಬೇರೆಯವರು ಬಂದು ಒಂದೇ ಒಂದು ಸಲ ಕೇಳಲಿ. ಬೇಡ ಅಂದರೆ ಎರಡನೇ ಸಲ ಬರಬಾರದು.

ಇಷ್ಟು ಬರೆಯಲು 50 ನಿಮಿಷ ಆಯಿತು.

ರಾತ್ರಿಪಾಳಿ

ನಿಮ್ಮ 50 ನಿಮಿಷಕ್ಕೆ ನಮಸ್ಕಾರ. ಒಂದು ಸೇರಿಸುತ್ತೇನೆ. ಕೆನಡಾದ ಒಂಟಾರಿಯೊದಲ್ಲಿ, ಸಾವು ಹತ್ತಿರ ಇರುವವರ ಬಗ್ಗೆ ಅಂಗದಾನದ ಸಂಸ್ಥೆಗೆ ತಿಳಿಸಬೇಕು ಅನ್ನುವ ನಿಯಮ ದಯಾಮರಣಕ್ಕೂ ಅನ್ವಯಿಸುತ್ತದೆ. ಅಂದರೆ ಕೇಳುವುದು ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ, ಆ ಸಂಸ್ಥೆಯವರು. ನೀವು ಹೇಳಿದ್ದರ ಹತ್ತಿರ ಬರುತ್ತದೆ. ಆದರೂ ಫೋನ್ ಬಂದ ಕ್ಷಣ ಕೇಳಿಸಿಕೊಳ್ಳುವವರ ಎದೆ ಹೇಗಿರುತ್ತದೋ.

ಸುಮ್ನೆ ಕೇಳ್ದೆ

ನಿಧಾನ ಬೆರಳು ಅವರೇ, ನಿಮ್ಮಂಥವರ ಪರವಾಗಿ ನಿಮ್ಮನ್ನು ಕೇಳದೆ ಮಾತಾಡಿದೆ. ತಪ್ಪಾಯಿತು. ಭಯ ಮಾತ್ರ ಹೋಗಿಲ್ಲ. ನಿಮ್ಮಷ್ಟು ಗಟ್ಟಿಯಾಗಿ ಬೇಡ ಅನ್ನಲು ಬಾರದವರೂ ಇರುತ್ತಾರೆ.

ಮೂರನೇ ಬೆಂಚು

ಎಲ್ಲರಿಗೂ ಥ್ಯಾಂಕ್ಸ್. 12 ಪುಟದಲ್ಲಿ 9 ಪುಟ ತೆಗೆದುಹಾಕಿದೆ. ವಿಷಯವನ್ನೂ ಚಿಕ್ಕದು ಮಾಡಿಕೊಂಡೆ: ಯಾರು ಕೇಳಬೇಕು, ಯಾವಾಗ ಕೇಳಬೇಕು, ಎಚ್ಚರ ತಪ್ಪಿದ ಮೇಲೆ ಒಪ್ಪಿಗೆಯ ಗತಿ ಏನು. ಮುನ್ನುಡಿಯಲ್ಲಿ ಅಕ್ಕನ ವಿಷಯ ಬಚ್ಚಿಡದೆ ಬರೆಯುತ್ತೇನೆ. ಓದುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ನಿನ್ನೆ ಡಯಾಲಿಸಿಸ್ ಹೊತ್ತಿನಲ್ಲಿ ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಗಡಿಯಾರದ ಕಥೆ ಬಂದಾಗ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ಕೇಳಿದಳು: "ಅಂಗ ಕೊಡುವವರು ಕೊನೇ ಗಳಿಗೆಯಲ್ಲಿ ಬೇಡ ಅಂದರೆ, ಆ ಹೊತ್ತಿಗೆ ನನ್ನನ್ನು ಆಸ್ಪತ್ರೆಗೆ ಕರೆಸಿರುತ್ತಾರಾ? ನಾನು ಬಂದು ಕೂತಿದ್ದೇನೆ ಅಂತ ಅವರಿಗೆ ಗೊತ್ತಾಗುತ್ತಾ?"

ರಾತ್ರಿಪಾಳಿ ಮೇಡಂ, ಇದಕ್ಕೆ ಏನು ಹೇಳಲಿ?

ರಾತ್ರಿಪಾಳಿ

ಕರೆಸಿರಬಹುದು. "ರದ್ದಾದರೂ ಆಗಬಹುದು" ಅಂತ ಮೊದಲೇ ಹೇಳಿಯೇ ಕರೆಸುತ್ತೇವೆ. ರದ್ದಾದರೆ ಕೊಡುವವರ ಕಡೆಯ ಕಾರಣ ಏನು ಅಂತ ಹೇಳುವುದಿಲ್ಲ. ನಿಮ್ಮ ಅಕ್ಕ ಬಂದು ಕೂತಿರುವುದೂ ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಅದೇ ಇನ್ನೊಂದು ಗಡಿಯಾರ.

ಅಕ್ಕನ ಪ್ರಶ್ನೆಯನ್ನು ಪ್ರಬಂಧಕ್ಕೆ ಹಾಕಿಕೊಳ್ಳಿ. ಅವರನ್ನು ಕೇಳಿ ಹಾಕಿಕೊಳ್ಳಿ.